ಮಕ್ಕಳ ಬರವಣಿಗೆ ಮತ್ತು ಮೊಬೈಲಿನ ತುಂಡು ಮಾತು: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಹೋದ ವಾರ ಏಳನೇ ತರಗತಿಯ ಪ್ರಬಂಧಗಳನ್ನು ತಿದ್ದುತ್ತಾ ಕೂತಿದ್ದೆ. ಒಬ್ಬ ಹುಡುಗ ಹೀಗೆ ಬರೆದಿದ್ದ: 'ರಜೆಲಿ ಅಜ್ಜಿ ಹಲ್ಲಿಗೆ ಹೋದೆ ಮಜ ಬಂತು ಆಮೇಲೆ ಬಂದೆ'. ಹಳ್ಳಿ ಹೋಗಿ ಹಲ್ಲಿಯಾಗಿದೆ. ವಿಭಕ್ತಿ ಬಿದ್ದುಹೋಗಿದೆ. ಪೂರ್ಣವಿರಾಮ ಎಲ್ಲೂ ಇಲ್ಲ. ಅವನನ್ನು ಹತ್ತಿರ ಕರೆದು, ಜೋರಾಗಿ ಓದು ಎಂದೆ. 'ರಜೆಯಲ್ಲಿ ಅಜ್ಜಿಯ ಹಳ್ಳಿಗೆ ಹೋದೆ' ಎಂದು ಸರಿಯಾಗಿಯೇ ಓದಿದ! ನಾಲಿಗೆಗೆ ಗೊತ್ತಿದೆ, ಕೈಗೆ ಬರುತ್ತಿಲ್ಲ.

ಮೊಬೈಲಿನಲ್ಲಿ ಬರೆಯುವ ರೂಢಿಯೇ ಇದಕ್ಕೆ ಕಾರಣವೇ ಎಂಬ ಯೋಚನೆ ಅವತ್ತಿನಿಂದ ನನ್ನನ್ನು ಕಾಡುತ್ತಿದೆ.

ಮೊಬೈಲ್ ಕಿತ್ತುಕೊಳ್ಳಿ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಮೊಟಕು ಮಾಡಿ ಬರೆಯುವುದೇ ತಪ್ಪು ಎಂದೂ ನಾನು ಹೇಳುವುದಿಲ್ಲ. ಇಂಗ್ಲೆಂಡಿನ ಕವೆಂಟ್ರಿ ವಿಶ್ವವಿದ್ಯಾಲಯದವರು 10ರಿಂದ 12 ವರ್ಷದ ಮಕ್ಕಳ ಮೆಸೇಜುಗಳನ್ನು ನೋಡಿ, ಕಂಡದ್ದನ್ನು 2009ರಲ್ಲಿ ಪ್ರಕಟಿಸಿದ್ದಾರೆ. ಮೊಟಕು ಪದ ಜಾಸ್ತಿ ಬಳಸುವ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಪದವನ್ನು ಮುರಿಯಬೇಕಾದರೆ ಅದರ ಸದ್ದು ಗೊತ್ತಿರಬೇಕು, ಅಲ್ವಾ?

ಆದರೆ ಅದು ಇಂಗ್ಲಿಷಿನ ಮಾತು. ನಮ್ಮ ಮಕ್ಕಳ ಕಥೆಯೇ ಬೇರೆ. ಅವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಅಲ್ಲಿ ಲಕಾರಕ್ಕೂ ಳಕಾರಕ್ಕೂ ಒಂದೇ 'ಎಲ್'. ನ, ಣ ಎರಡಕ್ಕೂ 'ಎನ್'. ಮನೆಯೂ ಮಣೆಯೂ ಒಂದೇ ಆಗಿಬಿಡುತ್ತವೆ. ಕಡು, ಕಾಡು, ಕಾದು ಮೂರನ್ನೂ ಅದೇ ನಾಲ್ಕು ಅಕ್ಷರದಲ್ಲಿ ಒತ್ತುತ್ತಾರೆ. ಓದುವವರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ, ಹಾಗಾಗಿ ತಪ್ಪು ತಪ್ಪೆಂದು ಯಾರಿಗೂ ಅನಿಸುವುದಿಲ್ಲ. ದಿನಕ್ಕೆ ನೂರು ಸಲ ಹೀಗೆ ಒತ್ತಿದ ಬೆರಳು ಪೆನ್ನು ಹಿಡಿದಾಗ ತಡಬಡಾಯಿಸುತ್ತದೆ.

ಈ ರೂಢಿ ಸುಮ್ನೆ ಬಂದದ್ದಲ್ಲ. ಮೊದಲೆಲ್ಲ ಎಷ್ಟೋ ಫೋನುಗಳಲ್ಲಿ ಕನ್ನಡವೇ ಇರಲಿಲ್ಲ. ಇದ್ದರೂ, ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಯುವ ಒಂದು ಎಸ್ಸೆಮ್ಮೆಸ್ಸಿನಲ್ಲಿ ಕನ್ನಡಕ್ಕೆ ಸಿಗುತ್ತಿದ್ದದ್ದು 70 ಮಾತ್ರ. ಅದರಲ್ಲೂ ಒತ್ತು, ಗುಣಿತಗಳಿಗೆ ಬೇರೆ ಲೆಕ್ಕ. 'ಸ್ತ್ರೀ' ಎಂಬ ಒಂದಕ್ಷರಕ್ಕೇ ಆರು ಜಾಗ ಹೋಗುತ್ತಿತ್ತು. ಈಗಿನ ವಾಟ್ಸಾಪಿನಲ್ಲಿ ಆ ಕಟ್ಟು ಇಲ್ಲ. ಫೋನಿನಲ್ಲೇ ಕನ್ನಡ ಕೀಲಿಮಣೆ ಇದೆ. ರೂಢಿ ಮಾತ್ರ ಉಳಿದುಕೊಂಡಿದೆ.

ನನಗೆ ಕಾಗುಣಿತಕ್ಕಿಂತ ಜಾಸ್ತಿ ಚಿಂತೆ ವಾಕ್ಯದ್ದು. 'ಮಳೆ ಬಂದದ್ದರಿಂದ ನಾವು ಹೊರಗೆ ಹೋಗಲಿಲ್ಲ' ಎಂದು ಬರೆಯುವ ಮಗು ಒಂದಕ್ಕೊಂದು ಕಾರಣ ಜೋಡಿಸುತ್ತಿದೆ. 'ಮಳೆ, ಹೋಗ್ಲಿಲ್ಲ' ಎಂದು ಮುಗಿಸಿದರೆ ಆ ಜೋಡಿಸುವ ಕೆಲಸವೇ ತಪ್ಪಿಹೋಗುತ್ತದೆ. ಗೆಳೆಯನಿಗೆ ಅಷ್ಟು ಸಾಕು. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ, ಮನಸ್ಸಿನ ನೋವು ಹೇಳಿಕೊಳ್ಳುವಾಗ ಸಾಲದು.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಮಗುವಿನ ಫೋನಿಗೆ ಕನ್ನಡ ಕೀಲಿಮಣೆ ಹಾಕಿಕೊಡಿ. ನೀವೂ ಅದರಲ್ಲೇ ಪೂರ್ತಿ ವಾಕ್ಯದಲ್ಲಿ ಉತ್ತರಿಸಿ; ಮಕ್ಕಳು ನಮ್ಮನ್ನು ನೋಡಿಯೇ ಕಲಿಯುತ್ತಾರೆ. ವಾರಕ್ಕೆ ಒಂದು ಪುಟ ಕೈಯಲ್ಲಿ ಬರೆಸಿ. ಅಜ್ಜಿಗೋ ಮಾವನಿಗೋ ಒಂದು ಕಾಗದವಾದರೂ ಆದೀತು. ತಪ್ಪಿದ್ದರೆ ಬೈಯಬೇಡಿ, ಜೋರಾಗಿ ಓದಿಸಿ. ಎಷ್ಟೋ ತಪ್ಪು ಅವರ ಕಿವಿಗೇ ಸಿಗುತ್ತದೆ.

ಆ ಪುಟವನ್ನು ಶುಕ್ರವಾರ ಶಾಲೆಗೆ ಕಳಿಸಿ. ನಾನೇ ಓದಿ, ಕೆಳಗೆ ಎರಡು ಸಾಲು ಉತ್ತರ ಬರೆದು ಕೊಡುತ್ತೇನೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ