ಕಾಲೇಜು ಲ್ಯಾಬ್‌ಗಳಲ್ಲಿ ಪೋರ್ಟ್ 2220 ತೆರೆಯಲಿ

ಮಾನ್ಯ ಸಂಪಾದಕರೇ,

ಸೈಬರ್ ಭದ್ರತೆಯ ಕೋರ್ಸ್‌ಗೆ ದುಬಾರಿ ಶುಲ್ಕ ಕಟ್ಟುವ ಮೊದಲು ಡಿಪ್ಲೊಮಾ, ಬಿಸಿಎ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓವರ್‌ದವೈರ್ ತಾಣದ ‘ಬ್ಯಾಂಡಿಟ್’ ಎಂಬ, ಲಿನಕ್ಸ್ ಆದೇಶಗಳನ್ನು ಹಂತ ಹಂತವಾಗಿ ಕಲಿಸುವ ಆಟವನ್ನು ಆಡಿ ನೋಡಬೇಕು. ಅದು ಉಚಿತ. ಆಟ ನಡೆಯುವುದು ಲಿನಕ್ಸ್ ಕಾರ್ಯವ್ಯವಸ್ಥೆಯ ದೂರದ ಯಂತ್ರದಲ್ಲಿ. ನಮ್ಮ ಕಡೆ ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಸಂಪರ್ಕಿಸುವ ಎಸ್‌ಎಸ್‌ಎಚ್ ತಂತ್ರಾಂಶ ಇದ್ದರೆ ಸಾಕು, ಅದು ವಿಂಡೋಸ್ 10ರ ಆದೇಶ ಕಿಟಕಿಯಾದ ಪವರ್‌ಶೆಲ್‌ನಲ್ಲೂ ಸಿಗುತ್ತದೆ. ಹಳೆಯ ಕಂಪ್ಯೂಟರೇ ಆಗುತ್ತದೆ.

ತೊಡಕಿರುವುದು ಸಂಪರ್ಕಗಳನ್ನು ತಡೆದು ಬಿಡುವ ಲ್ಯಾಬ್‌ನ ಫೈರ್‌ವಾಲ್‌ನಲ್ಲಿ. ಆಟದ ಸಂಪರ್ಕ ಹೋಗುವುದು ಸರ್ವರಿನ ಪೋರ್ಟ್ 2220ಕ್ಕೆ (ಪೋರ್ಟ್ ಎಂದರೆ ಸಂಪರ್ಕ ಒಳಹೋಗುವ ಸಂಖ್ಯೆಯುಳ್ಳ ಬಾಗಿಲು). ವೆಬ್‌ಗೆ ಬೇಕಾದ 80 ಮತ್ತು 443 ಮಾತ್ರ ತೆರೆದಿಟ್ಟ ಕಡೆ ‘ಕನೆಕ್ಷನ್ ಟೈಮ್ಡ್ ಔಟ್’ ಎಂದು ಬರುತ್ತದೆ, ವಿದ್ಯಾರ್ಥಿ ತಪ್ಪು ತನ್ನದೇ ಎಂದುಕೊಂಡು ಕೈಬಿಡುತ್ತಾನೆ. ಆ ಒಂದು ಸರ್ವರಿನ ಆ ಒಂದು ಪೋರ್ಟ್‌ಗೆ ಹೊರಹೋಗುವ ಅನುಮತಿ ಕೊಡುವುದು ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಒಂದೇ ನಿಯಮದ ಕೆಲಸ.

ಮೊದಲ ಬಳಕೆದಾರ ಹೆಸರು, ಪಾಸ್‌ವರ್ಡ್ ಎರಡೂ ‘ಬ್ಯಾಂಡಿಟ್0’. ಪಾಸ್‌ವರ್ಡ್ ಒತ್ತುವಾಗ ಪರದೆಯ ಮೇಲೆ ಚುಕ್ಕಿಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿಲ್ಲ, ಒತ್ತಿ ಎಂಟರ್ ಕೊಡಿ. ಪ್ರತಿ ಹಂತದಲ್ಲೂ ಮುಂದಿನ ಹಂತದ ಪಾಸ್‌ವರ್ಡ್ ಎಲ್ಲೋ ಅಡಗಿರುತ್ತದೆ. ಅದು ತಾನಾಗಿ ಉಳಿಯುವುದಿಲ್ಲ, ನೀವೇ ಬರೆದಿಟ್ಟುಕೊಳ್ಳಬೇಕು.

ಆರಂಭದಲ್ಲೇ ಬರೀ ‘-’ ಎಂಬ ಹೆಸರಿನ ಕಡತ ಎದುರಾಗುತ್ತದೆ. ಕಡತದ ಒಳಗನ್ನು ತೋರಿಸುವ ಆದೇಶ ‘ಕ್ಯಾಟ್’. ಆದರೆ ‘ಕ್ಯಾಟ್ -’ ಎಂದರೆ ಏನೂ ಆಗದು, ಏಕೆಂದರೆ ಆ ಗೆರೆಯನ್ನು ಕ್ಯಾಟ್ ‘ಕೀಲಿಮಣೆಯಿಂದ ಓದು’ ಎಂದು ತಿಳಿಯುತ್ತದೆ. ಕಂಟ್ರೋಲ್-ಸಿ ಒತ್ತಿ ಹೊರಬಂದು, ಹೆಸರಿನ ಮುಂದೆ ‘./’ ಸೇರಿಸಬೇಕು. ಮುಂದೆ 1033 ಬೈಟ್‌ನ ಕಡತ ಹುಡುಕುವ ಹಂತವಿದೆ. ಕಡತ ಹುಡುಕುವ ಆದೇಶವಾದ ಫೈಂಡ್‌ನಲ್ಲಿ ಸಂಖ್ಯೆಯ ಕೊನೆಗೆ ಚಿಕ್ಕ ‘ಸಿ’ (c) ಹಾಕದಿದ್ದರೆ ಅದು 512 ಬೈಟ್‌ಗಳ ತುಂಡುಗಳನ್ನು ಎಣಿಸುತ್ತದೆ, ಉತ್ತರ ಖಾಲಿ. ಒಂದೇ ಬಾರಿ ಬಂದಿರುವ ಸಾಲನ್ನು ಹುಡುಕಲು ಯುನಿಕ್ ಎಂಬ ಆದೇಶ ಒಂದೇ ಸಾಕಾಗದು. ಅದು ಅಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುವುದರಿಂದ ಮೊದಲು ಸಾರ್ಟ್ ಆದೇಶದಿಂದ ಸಾಲುಗಳನ್ನು ಕ್ರಮವಾಗಿ ಜೋಡಿಸಲೇಬೇಕು.

ಹಲವರು ನಿಲ್ಲುವುದು 12ನೇ ಹಂತದಲ್ಲಿ. ಮತ್ತೆ ಮತ್ತೆ ಕುಗ್ಗಿಸಿದ ಕಡತವದು. ತಾತ್ಕಾಲಿಕ ಕಡತಗಳ ಜಾಗವಾದ ಟೆಂಪ್ ಒಳಗೆ ಸ್ವಂತ ಫೋಲ್ಡರ್ ಮಾಡಿ ನಕಲಿಸಿಕೊಳ್ಳಿ. ಹೆಕ್ಸ್ (ಹದಿನಾರರ ಅಂಕಿಗಳ) ರೂಪದಿಂದ ಮೂಲ ರೂಪಕ್ಕೆ ಮರಳಿಸಿದ ಮೇಲೆ ಪ್ರತಿ ಸಲ ‘ಫೈಲ್’ ಆದೇಶದಿಂದ ಬಗೆ ತಿಳಿದುಕೊಂಡೇ ಬಿಚ್ಚಿ. ಹೆಸರಿನ ಕೊನೆಯಲ್ಲಿ ‘.gz’ನಂಥ ತಕ್ಕ ವಿಸ್ತರಣೆ ಇಲ್ಲದಿದ್ದರೆ, ಬಿಚ್ಚುವ ಆದೇಶಗಳಲ್ಲೊಂದಾದ ಜಿಜಿಪ್ ಆ ಕಡತವನ್ನು ಮುಟ್ಟುವುದೇ ಇಲ್ಲ. ಇದು ತಾಳ್ಮೆಯ ಕೆಲಸ, ಆದರೆ ಸರ್ವರ್ ನೋಡಿಕೊಳ್ಳುವವರು ನಿತ್ಯ ಮಾಡುವ ಕೆಲಸವೂ ಹೌದು.

ಯೂಟ್ಯೂಬ್ ನೋಡಿ ಉತ್ತರ ಅಂಟಿಸಿದರೆ ಹಂತ ದಾಟಬಹುದು, ಕಲಿಕೆ ಆಗದು. ಬೋಧಕರು ಪಾಸ್‌ವರ್ಡ್ ಕೇಳಬಾರದು. ಯಾವ ಆದೇಶ ಕೊಟ್ಟಿರಿ, ಮೊದಲು ಏಕೆ ಕೆಲಸ ಮಾಡಲಿಲ್ಲ, ಆದೇಶದ ಕೈಪಿಡಿಯಾದ ಮ್ಯಾನ್ ಪುಟದ ಯಾವ ಸಾಲು ದಾರಿ ತೋರಿಸಿತು ಎಂದು ಬರೆಸಿಕೊಳ್ಳಲಿ. ಅಂಕವನ್ನೂ ಅದಕ್ಕೇ ಕೊಡಲಿ.

ಪೋಷಕರ ಅಂಜಿಕೆಗೂ ಒಂದು ಮಾತು. ಈ ಯಂತ್ರವನ್ನು ಭೇದಿಸಲು ಅದರ ಒಡೆಯರೇ ಅನುಮತಿ ಕೊಟ್ಟಿದ್ದಾರೆ, ಹಾಗಾಗಿ ಆಟ ಕಾನೂನುಬಾಹಿರವಲ್ಲ. ಇದೇ ವಿದ್ಯೆಯನ್ನು ಕಾಲೇಜಿನ ಸರ್ವರ್ ಮೇಲೋ ನೆರೆಮನೆಯ ವೈಫೈ ಮೇಲೋ ಅನುಮತಿಯಿಲ್ಲದೆ ಪ್ರಯೋಗಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಸೆಕ್ಷನ್ 66ರಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಇದನ್ನು ಮೊದಲ ತರಗತಿಯಲ್ಲೇ, ಕಂಪ್ಯೂಟರ್ ತೆರೆಯುವ ಮುನ್ನ ಹೇಳಬೇಕು.

– ಲಿನಕ್ಸ್ ಬೋಧಕರೊಬ್ಬರು, ದಾವಣಗೆರೆ