ಬಿಷಪ್ಪರ ಅನುಮತಿ ಎಲ್ಲಿ?

ಮಾನ್ಯರೇ,

ದೆವ್ವ ಬಿಡಿಸುವ ಪಾದ್ರಿಯ ಕುರಿತ ಡಬ್ಬಿಂಗ್ ಹಾರರ್ ಚಿತ್ರವೊಂದು ಕ್ಯಾಥೊಲಿಕ್ ವಿಧಿಯನ್ನು ಇದ್ದದ್ದು ಇದ್ದಂತೆ ತೋರಿಸಿದೆ ಎಂದು ನಿಮ್ಮ ಸಿನಿಮಾ ಪುಟ ಹೊಗಳಿದೆ. ಹೆದರಿಸುವುದರಲ್ಲಿ ಚಿತ್ರ ಗೆದ್ದಿದೆ, ತಕರಾರಿಲ್ಲ. ವಿಧಿ ಮಾತ್ರ ಹಾಗಿಲ್ಲ.

ಮನೆಯವರು ಕರೆದ ಕೂಡಲೇ ಫಾದರ್ ಚೀಲ ಹಿಡಿದು ಹೊರಡುವಂತಿಲ್ಲ. 1983ರ ಚರ್ಚ್ ಕಾನೂನು ಸಂಹಿತೆಯ 1172ನೇ ವಿಧಿಯಂತೆ ಆ ಧರ್ಮಪ್ರಾಂತ್ಯದ ಬಿಷಪ್ಪರ ವಿಶೇಷ ಅನುಮತಿ ಬೇಕು. ನಮ್ಮ ಊರಲ್ಲಾದರೆ ಬೆಳಗಾವಿ ಬಿಷಪ್ಪರದು. ಆ ವ್ಯಕ್ತಿಗೆ ಇರುವುದು ಕಾಯಿಲೆಯಲ್ಲ ಎಂಬುದೂ ಮೊದಲೇ ಖಾತ್ರಿಯಾಗಬೇಕು.

1614ರಿಂದ ನಡೆದುಬಂದ ವಿಧಿಯನ್ನು 1998ರಲ್ಲಿ ಪರಿಷ್ಕರಿಸಲಾಯಿತು. ನೇರಳೆ ಸ್ಟೋಲ್ (ಕೊರಳಿಗೆ ಹಾಕುವ ಉದ್ದ ಪಟ್ಟಿ) ಧರಿಸಿದ ಗುರು ಪವಿತ್ರ ಜಲ ಚಿಮುಕಿಸಿ, ಸಂತರಿಗೆ ಮೊರೆಯಿಟ್ಟು, ಬೈಬಲ್ಲಿನ ಕೀರ್ತನೆ, ಶುಭಸಂದೇಶ ಓದುತ್ತಾರೆ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಪರಲೋಕ ಮಂತ್ರ (ಯೇಸು ಕಲಿಸಿದ ಪ್ರಾರ್ಥನೆ) ಹೇಳಿಸಿ, ಶಿಲುಬೆ ತೋರಿಸುತ್ತಾರೆ. ಆಮೇಲೆ ಬರುವುದು ಎರಡು ಪಾಠ: ಒಂದು ದೇವರಿಗೆ ಬೇಡಿಕೆ, ಇನ್ನೊಂದು ದೆವ್ವಕ್ಕೆ ಆಜ್ಞೆ. ಬೇಡಿಕೆಯೊಂದೇ ಸಾಕಾಗಬಹುದು, ಅದಿಲ್ಲದೆ ಆಜ್ಞೆ ಸಲ್ಲದು. ಸಿನಿಮಾದವರಿಗೆ ಬೇಕಾದದ್ದು ಆಜ್ಞೆಯ ಅಬ್ಬರ ಮಾತ್ರ, ಬೇಡಿಕೊಳ್ಳುವ ಪಾದ್ರಿಗೆ ಸೀಟಿ ಬೀಳುವುದಿಲ್ಲವಲ್ಲ! ಮೂಲೆಯಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸುವ ತಮ್ಮನೂ ಸುಳ್ಳೇ. ವಿಧಿ ನಡೆಯುವಾಗ ಮಾಧ್ಯಮಕ್ಕೆ ಪ್ರವೇಶವಿಲ್ಲ, ಅದನ್ನು ತಮಾಷೆಯಾಗಿಸಬಾರದು ಎಂದು ಪರಿಷ್ಕೃತ ಪುಸ್ತಕದಲ್ಲೇ ಇದೆ.

ಅನುಮತಿ ಇದ್ದೂ ಕೆಟ್ಟ ಉದಾಹರಣೆಯಿದೆ. ಜರ್ಮನಿಯ ಅನ್ನೆಲೀಸ್ ಮಿಷೆಲ್‌ಗೆ ಅಪಸ್ಮಾರದ ಚಿಕಿತ್ಸೆ ನಡೆದಿತ್ತು. 1975ರಲ್ಲಿ ಬಿಷಪ್ ಒಪ್ಪಿಗೆ ಕೊಟ್ಟರು. ಸುಮಾರು ಹತ್ತು ತಿಂಗಳಲ್ಲಿ 67 ಬಾರಿ ವಿಧಿ ನಡೆಯಿತು. ಆಕೆ ಊಟ ಬಿಟ್ಟಾಗಲೂ ವೈದ್ಯರನ್ನು ಕರೆಸಲಿಲ್ಲ. 1976ರ ಜುಲೈ 1ರಂದು, 23ನೇ ವಯಸ್ಸಿನಲ್ಲಿ, ಅನ್ನ ನೀರಿಲ್ಲದೆ ಸೊರಗಿ ತೀರಿಕೊಂಡಳು. 1978ರಲ್ಲಿ ತಂದೆ ತಾಯಿ, ಇಬ್ಬರು ಪಾದ್ರಿಗಳು ನಿರ್ಲಕ್ಷ್ಯದ ಸಾವಿಗೆ ತಪ್ಪಿತಸ್ಥರಾದರು.

ಇನ್ನು ಚಿತ್ರದಲ್ಲಿ ಹುಡುಗಿಯನ್ನು ಮಂಚಕ್ಕೆ ಕಟ್ಟಿ ಬಡಿಯುವ ದೃಶ್ಯ. ಅದನ್ನು ನೋಡಿ ನಮ್ಮಲ್ಲಿ ಯಾರಾದರೂ ಅನುಕರಿಸಿದರೆ ಸೀದಾ ಜೈಲು. ದೆವ್ವ ಬಿಡಿಸುವ ನೆಪದಲ್ಲಿ ಹಗ್ಗ, ಸರಪಳಿಯಿಂದ ಕಟ್ಟುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ. ಆ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು ಇದೇ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ. ಶಿಕ್ಷೆ 1ರಿಂದ 7 ವರ್ಷ ಸೆರೆ, 5,000ದಿಂದ 50,000 ರೂಪಾಯಿ ದಂಡ. ಮಾಡುವವರು ಪಾದ್ರಿಯೋ, ಪೂಜಾರಿಯೋ, ಫಕೀರರೋ ಎಂದು ಕಾಯ್ದೆ ಕೇಳುವುದಿಲ್ಲ.

– ಕೆಲವು ಓದುಗರು, ಕ್ಯಾಂಪ್, ಬೆಳಗಾವಿ