ಮಕ್ಕಳನ್ನು ವೇದಿಕೆ ಹತ್ತಿರ ಕೂರಿಸಿ

ಮಾನ್ಯ ಸಂಪಾದಕರೇ,

ನಾನು ನಂಜನಗೂಡಿನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ದಸರಾ ಹತ್ತಿರ ಬಂತೆಂದರೆ ಭರತನಾಟ್ಯದ ಡ್ರೆಸ್ ಹೊಲಿಯುವ ಕೆಲಸ ಜಾಸ್ತಿ. ಹೋದ ವರ್ಷ ಆ ಗಡಿಬಿಡಿಯಲ್ಲೂ ಒಂದು ಸಂಜೆ ಬಿಡುವು ಮಾಡಿಕೊಂಡು, 15 ವರ್ಷದ ಮಗಳನ್ನು ಮೈಸೂರು ಅರಮನೆ ಮುಂದೆ ನಡೆಯುವ ನೃತ್ಯ ನೋಡಲು ಕರೆದುಕೊಂಡು ಹೋಗಿದ್ದೆ. ನಾವು ಹೋಗುವಷ್ಟರಲ್ಲಿ ಮುಂದಿನ ಕುರ್ಚಿಗಳೆಲ್ಲ ಭರ್ತಿ. ತುಂಬಾ ಹಿಂದೆ ಜಾಗ ಸಿಕ್ಕಿತು. ಅಲ್ಲಿಂದ ಕುಣಿಯುವವಳು ಹೆಬ್ಬೆರಳಿನಷ್ಟು ಕಾಣುತ್ತಿದ್ದಳು. ಮಗಳು ಎಲ್‌ಇಡಿ ಪರದೆ ನೋಡುತ್ತಾ ಕೂತಳು. ಅರ್ಧ ಗಂಟೆ ಆದ ಮೇಲೆ, "ಅಮ್ಮ, ಇದನ್ನ ಮನೇಲೇ ಫೋನಲ್ಲಿ ನೋಡಬಹುದಿತ್ತಲ್ವಾ?" ಎಂದಳು.

ನನಗೆ ಉತ್ತರ ತೋಚಲಿಲ್ಲ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ಈ ಪತ್ರ.

ನಾನು ಅದೇ ಜಾಗದಲ್ಲಿ ಮೊದಲ ಸಲ ನಾಟ್ಯ ನೋಡಿದ್ದು ಒಂಬತ್ತನೇ ಕ್ಲಾಸಿನ ದಸರಾ ರಜೆಯಲ್ಲಿ. ನನಗೀಗ 46. ಆಗ ನಮ್ಮ ಸೋದರಮಾವ ಮೈಕ್‌ಸೆಟ್ ಕೆಲಸಕ್ಕೆ ಹೋಗುತ್ತಿದ್ದರು. "ಬಾವ್ವ, ನನ್ ಜೊತೆ ಬಂದ್ರೆ ಮುಂದ್ಗಡೆ ಕೂರಿಸ್ತೀನಿ" ಅಂದರು. ವೇದಿಕೆಯ ಎಡಗಡೆ ಸ್ಪೀಕರ್ ಡಬ್ಬಗಳ ಪಕ್ಕ ಗೋಣಿಚೀಲ ಹಾಸಿ ಕೂರಿಸಿದರು. ಸುತ್ತ ವೈರಿನ ಸುರುಳಿಗಳು. ಕತ್ತಲಾದ ಮೇಲೆ ಅರಮನೆಯ ದೀಪಗಳು ಒಮ್ಮೆಗೇ ಹತ್ತಿಕೊಂಡವು. ಸುಮಾರು ಒಂದು ಲಕ್ಷ ಬಲ್ಬು ಅಂತಾರೆ. ಜನ 'ಹೋ' ಎಂದರು. ಮಾವ ಮಾತ್ರ ತಲೆ ಎತ್ತಲಿಲ್ಲ, ವೈರಿಗೆ ಟೇಪು ಸುತ್ತುತ್ತಿದ್ದರು.

ಮೊದಲು ಬಂದದ್ದು ಬೀಸು ಕಂಸಾಳೆ. ಮಲೆ ಮಾದಪ್ಪನ ಹೆಸರಲ್ಲಿ ಹಾಡುವ ಭಕ್ತರು, ಅಂದರೆ ಗುಡ್ಡರು, ಮನೆ ಮುಂದೆ ಹಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೆ, ಹೊಸದೇನಲ್ಲ ಅಂದುಕೊಂಡಿದ್ದೆ. ಆದರೆ ಹತ್ತು ಜನ ಒಟ್ಟಿಗೆ ಬೀಸುವುದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಕಂಚಿನ ತಟ್ಟೆ. ಅದು ತಲೆ ಸುತ್ತಿ, ಬೆನ್ನ ಹಿಂದೆ ಹೋಗಿ, ಮತ್ತೆ ಬಂದು ಬಟ್ಟಲಿಗೆ ಬಡಿಯಬೇಕು. ಕೊನೆಯಲ್ಲಿದ್ದ ಹುಡುಗನ ದಾರ ಅವನ ಮಣಿಕಟ್ಟಿಗೇ ಸುತ್ತಿಕೊಂಡುಬಿಟ್ಟಿತು. ಹೆಚ್ಚೆಂದರೆ ನನಗಿಂತ ಎರಡು ವರ್ಷ ದೊಡ್ಡವನಿರಬೇಕು. ಅವನು ಕುಣಿತ ನಿಲ್ಲಿಸಲಿಲ್ಲ. ಒಂದು ಸುತ್ತು ತಿರುಗುವಷ್ಟರಲ್ಲಿ ಹಲ್ಲಿನಿಂದ ದಾರ ಬಿಡಿಸಿಕೊಂಡ. ಮುಂದಿನ ಪೆಟ್ಟಿಗೆ ಎಲ್ಲರ ಜೊತೆ ಅವನ ತಟ್ಟೆಯೂ ಬಿತ್ತು. ಇದನ್ನು ನೋಡಿದವರು ಆ ಕಡೆ ಕೂತಿದ್ದ ನಾವು ನಾಲ್ಕೈದು ಜನ ಅಷ್ಟೇ.

ಆಮೇಲೆ ಭರತನಾಟ್ಯ. ಆಕೆ ಮೊಣಕಾಲು ಹೊರಕ್ಕೆ ಮಡಿಚಿ ಅರಮಂಡಿಯಲ್ಲಿ ಕೂತಾಗ ಮುಂದಿನ ನೆರಿಗೆ ಬೀಸಣಿಗೆ ಹಾಗೆ ತೆರೆದುಕೊಳ್ಳುತ್ತಿತ್ತು, ಎದ್ದಾಗ ತಾನೇ ಮಡಿಚಿಕೊಳ್ಳುತ್ತಿತ್ತು. ಅಷ್ಟು ಕುಣಿದರೂ ಒಂದು ನೆರಿಗೆ ಕೆಡಲಿಲ್ಲ. ನಾನು ಹಾಡು ಮರೆತು ಅದನ್ನೇ ನೋಡುತ್ತಿದ್ದೆ. ಒಂದು ಹಾಡು ಮುಗಿಸಿ ಆಕೆ ಪಕ್ಕದ ಪರದೆ ಹಿಂದೆ ಬಂದಳು. ನನ್ನಿಂದ ನಾಲ್ಕು ಮಾರು ದೂರ. ಎರಡೂ ಕೈ ಮೊಣಕಾಲಿಗೆ ಊರಿ ಏದುಸಿರು ಬಿಡುತ್ತಿದ್ದಳು. ಪಾದಕ್ಕೆ ಹಚ್ಚಿದ ಕೆಂಪು ಹಿಮ್ಮಡಿಯ ಹತ್ತಿರ ಉಜ್ಜಿಹೋಗಿತ್ತು. ಯಾರೋ ನೀರು ಕೊಟ್ಟರು. ಲೋಟ ತುಟಿಗೆ ತಾಗಿಸದೆ ಎತ್ತಿ ಕುಡಿದಳು, ಬಣ್ಣ ಕೆಡಬಾರದಲ್ವಾ. ಮೃದಂಗ ಶುರುವಾದದ್ದೇ ತಡ, ಬೆನ್ನು ನೆಟ್ಟಗೆ ಮಾಡಿಕೊಂಡು ನಗುತ್ತಾ ಹೊರಗೆ ಹೋದಳು. ಇಷ್ಟು ಕಷ್ಟಪಟ್ಟು ಅಷ್ಟು ಹಗುರವಾಗಿ ಕಾಣಬಹುದು ಅಂತ ನನಗೆ ಗೊತ್ತಾದದ್ದು ಆವತ್ತು.

ಮಾರನೇ ದಿನ ಅವ್ವನ ಹಳೇ ಸೀರೆಯಲ್ಲಿ ಆ ನೆರಿಗೆ ಹಿಡಿಯಲು ಕೂತೆ. ಬರಲಿಲ್ಲ. ನೆರಿಗೆಯ ಎರಡೂ ಅಂಚನ್ನು ಪೈಜಾಮದ ಎರಡು ಕಾಲಿಗೆ ಸೇರಿಸಿ ಹೊಲಿಯಬೇಕು, ಆಗಲೇ ಅದು ಕಾಲಿನ ಜೊತೆ ತೆರೆದುಕೊಳ್ಳುವುದು ಎಂದು ತಿಳಿಯಲು ಆರು ವರ್ಷ ಬೇಕಾಯಿತು. ಇವತ್ತು ಅದೇ ನನ್ನ ಕಸುಬು.

ನನ್ನ ಹತ್ತಿರ ಹೊಲಿಸಲು ಬರುವ ನಾಟ್ಯದ ಟೀಚರೊಬ್ಬರು ಕೆ. ವೆಂಕಟಲಕ್ಷಮ್ಮನವರ ಬಗ್ಗೆ ಹೇಳುತ್ತಿರುತ್ತಾರೆ. ಕಡೂರು ಕಡೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿದವರು. ಜಟ್ಟಿ ತಾಯಮ್ಮನವರ ಶಿಷ್ಯೆಯಾಗಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆಸ್ಥಾನದ ನರ್ತಕಿಯಾದರು. 1992ರಲ್ಲಿ ಪದ್ಮಭೂಷಣ ಬಂತು. ಅವರ ಮೈಸೂರು ಶೈಲಿಯ ಜೀವಾಳವೇ ಅಭಿನಯ. ಹುಬ್ಬು ಒಂಚೂರು ಏರಿದರೆ ಒಂದು ಅರ್ಥ, ಕಣ್ಣು ಕೆಳಗಾದರೆ ಇನ್ನೊಂದು. ದರ್ಬಾರಿನಲ್ಲಿ ಹತ್ತಿರ ಕೂತವರು ನೋಡುತ್ತಿದ್ದ ನಾಟ್ಯ ಅದು. ಈಗ ಅದು ಅರಮನೆಯ ಹೊರಗೆ ಬಂದು ಎಲ್ಲರಿಗೂ ಸಿಗುವಂತಾಗಿದೆ. ಇದಕ್ಕಿಂತ ಒಳ್ಳೆಯದು ಇನ್ನೇನಿದೆ? ಆದರೆ ಇನ್ನೂರು ಅಡಿ ದೂರದಿಂದ ಹುಬ್ಬು ಕಾಣುವುದಿಲ್ಲ.

ಹುಡುಗರಿಗೆ ಅಂತಲೇ ಯುವ ದಸರಾ, ಯುವ ಸಂಭ್ರಮ ಇದೆಯಲ್ಲ ಎಂದು ಕೆಲವರು ಹೇಳಬಹುದು. ಇದೆ, ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಕಾಲೇಜು ಮಕ್ಕಳೇ ಬಂದು ಕುಣಿಯುವುದು ನನಗೂ ತುಂಬಾ ಇಷ್ಟ. ಶಾಲೆ ಮಕ್ಕಳಿಗೆ ಮಕ್ಕಳ ದಸರಾ ಇದೆ. ಆದರೆ ನಾನು ಹೇಳುತ್ತಿರುವುದು ಹತ್ತಿರದಿಂದ ನೋಡುವ ಮಾತು, ಅದೂ ಎಂಟು, ಒಂಬತ್ತು, ಹತ್ತನೇ ಕ್ಲಾಸಿನವರಿಗೆ. ಯಾವುದೋ ಒಂದನ್ನು ನೋಡಿ ಅದರ ಹಿಂದೆ ಬೀಳುವ ವಯಸ್ಸು ಅದೇ. ಅವರು ನಾಟ್ಯ ಕಲಿಯಲೇಬೇಕೆಂದಿಲ್ಲ. ಒಬ್ಬ ಮೃದಂಗದ ಕಡೆ ನೋಡಬಹುದು, ಇನ್ನೊಬ್ಬಳು ದೀಪದ ಕಡೆ, ಮತ್ತೊಬ್ಬಳು ನನ್ನ ಹಾಗೆ ಹೊಲಿಗೆ ಕಡೆ. ಹತ್ತಿರ ಕೂತಿದ್ದರೆ ತಾನೇ?

ಕಾರ್ಯಕ್ರಮ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ವೇದಿಕೆಗೂ ಮೊದಲ ಸಾಲಿನ ಕುರ್ಚಿಗೂ ಮಧ್ಯೆ ಜಮಖಾನ ಹಾಸಿ ದಿನಾ ನೂರು ಹೈಸ್ಕೂಲ್ ಮಕ್ಕಳನ್ನು ಕೂರಿಸಿ. ನೆಲದ ಮೇಲೆ ಕೂತರೆ ಹಿಂದಿನವರಿಗೆ ಅಡ್ಡವೂ ಆಗುವುದಿಲ್ಲ. ಶಾಲೆಯ ಗುರುತಿನ ಚೀಟಿ ನೋಡಿ ಒಳಗೆ ಬಿಟ್ಟರೆ ಸಾಕು. ಸುತ್ತಮುತ್ತಲ ತಾಲ್ಲೂಕಿನ ಮಕ್ಕಳಿಗೂ ಒಂದೊಂದು ದಿನ ಸಿಗಲಿ. ನಾಟ್ಯವನ್ನು ಬೇಗ ಶುರು ಮಾಡಿದರೆ ಇನ್ನೂ ಉಪಕಾರ. ಹೋದ ವರ್ಷ ಊರಿಗೆ ಬಸ್ಸು ತಪ್ಪೀತೆಂದು ನಾವಿಬ್ಬರೂ ಮಧ್ಯದಲ್ಲೇ ಎದ್ದು ಬಂದೆವು. ನಮ್ಮ ಜೊತೆ ಎದ್ದವರು ತುಂಬಾ ಜನ ಇದ್ದರು, ಅದರಲ್ಲಿ ಹೆಚ್ಚಿನವರು ಮಕ್ಕಳನ್ನು ಕರೆತಂದವರು.

ತಂದೆ ತಾಯಂದಿರಿಗೂ ಒಂದು ಮಾತು. ಅರಮನೆ ಮುಂದೆ ಜಾಗ ಸಿಗದಿದ್ದರೆ ಬೇಸರ ಬೇಡ. ದಸರಾದಲ್ಲಿ ಜಗನ್ಮೋಹನ ಅರಮನೆ, ಕಲಾಮಂದಿರದಲ್ಲೂ ಕಾರ್ಯಕ್ರಮ ಇರುತ್ತವೆ. ಸಭಾಂಗಣ ಚಿಕ್ಕದು, ಗೆಜ್ಜೆ ಸದ್ದು ನೇರವಾಗಿ ಕೇಳುತ್ತದೆ. ರಜೆಯ ಒಂದು ಸಂಜೆ ಮಕ್ಕಳನ್ನು ಅಲ್ಲಿಗಾದರೂ ಕರೆದುಕೊಂಡು ಹೋಗಿ.

ಮೊನ್ನೆ ಮಗಳು ಅಂಗಡಿಗೆ ಬಂದವಳು ಮೇಜಿನ ಮೇಲಿದ್ದ ನೆರಿಗೆಯನ್ನು ಸೊಂಟಕ್ಕೆ ಹಿಡಿದು ಕನ್ನಡಿ ಮುಂದೆ ಅರಮಂಡಿ ಕೂತು ನೋಡಿದಳು. "ಇದು ನಿಜವಾಗ್ಲೂ ಹೀಗೇ ತೆರೆದುಕೊಳ್ಳುತ್ತಾ?" ಎಂದು ಕೇಳಿದಳು. ಈ ದಸರಾಗೆ ಮತ್ತೆ ಕರೆದುಕೊಂಡು ಹೋಗುತ್ತಿದ್ದೇನೆ. ಮಧ್ಯಾಹ್ನ ಮೂರಕ್ಕೇ ಅಂಗಡಿ ಬಾಗಿಲು ಹಾಕಿ ಹೊರಡುತ್ತೇವೆ.

ಇಂತಿ,
ನಂಜನಗೂಡಿನ ಒಬ್ಬ ಟೈಲರ್